ಹಳೆ ಮನೆ, ಹಳೆ ದಾಖಲೆ: ಹೆಂಚಿನ ಮೇಲಿನ ಇಸವಿಯನ್ನು ನಂಬಬಹುದೇ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಊರಂಚಿನ ತೋಟದ ಮನೆಗಳ ಬಗ್ಗೆ. ಊರಂಚು ಎನ್ನುವುದೂ ಹಳೆಯ ಮಾತಾಯಿತು. ಆ ಮನೆಗಳು ಇದ್ದಲ್ಲೇ ಇವೆ, ಊರು ಅವುಗಳನ್ನು ದಾಟಿ ಹೋಗಿದೆ. ಜಮೀನಿನ ವಿಷಯವಾದ್ದರಿಂದ ಎಂದಿನಂತೆ ಪತ್ರ ಬರೆದವರ ಹೆಸರನ್ನಾಗಲಿ ಸರ್ವೆ ನಂಬರನ್ನಾಗಲಿ ಅಚ್ಚು ಮಾಡಿಸುತ್ತಿಲ್ಲ. ದಲ್ಲಾಳಿಗಳೂ ಈ ಪುಟ ಓದುತ್ತಾರೆ.

ಪ್ರಶ್ನೆ: ಯಲಹಂಕದಾಚೆ ಇರುವ ನಮ್ಮ ಹಿರಿಯರ ತೋಟದ ಮನೆಯ ಮೂರು ಕಡೆಯೂ ಈಗ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಮನೆಗೆ ನಡುವೆ ತೊಟ್ಟಿ, ಮುಂದೆ ಜಗಲಿ, ಹಿತ್ತಲಲ್ಲಿ ಮಣ್ಣು ತುಂಬಿದ ಕಪಿಲೆ ಬಾವಿ. ಹೆಂಚುಗಳ ಮೇಲೆ 1865 ಎಂದು ಅಚ್ಚಾಗಿದೆ. ತಲೆಬಾಗಿಲಿನ ಬಾಗಿಲವಾಡದ ಮೇಲೆ ‘ಶ್ರೀಮುಖ ಸಂ. ವೈಶಾಖ ಶು. ೧೦’ ಎಂಬ ಕೆತ್ತನೆಯಿದೆ. ಮುಂದಿನ ಅಕ್ಷರಗಳು ಸುಣ್ಣದಲ್ಲಿ ಮುಚ್ಚಿಹೋಗಿವೆ. ನಡುಮನೆಯ ಕಬ್ಬಿಣದ ತೊಲೆಯ ಬಣ್ಣ ಕೆರೆದಾಗ ಟಾಟಾ ಎಂಬ ಇಂಗ್ಲಿಷ್ ಅಕ್ಷರಗಳು ಕಂಡವು. ಟಿಪ್ಪು ಸುಲ್ತಾನ್ ನಂದಿಬೆಟ್ಟಕ್ಕೆ ಹೋಗುವಾಗ ಇಲ್ಲಿ ತಂಗಿದ್ದ, ಮನೆಗೆ ಇನ್ನೂರು ವರ್ಷ ದಾಟಿದೆ ಎಂದು ನಮ್ಮ ದೊಡ್ಡಪ್ಪ ಹೇಳುತ್ತಾರೆ. ಮಾರುವ ಮಾತು ನಡೆದಿದೆ. ಅದಕ್ಕೆ ಮೊದಲು ಮನೆಯ ನಿಜವಾದ ಚರಿತ್ರೆಯನ್ನು ಬರೆದಿಡಬೇಕೆಂದು ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ದೊಡ್ಡಪ್ಪನವರ ಮಾತನ್ನು ಬರೆದುಕೊಳ್ಳಿ, ಆದರೆ ಬೇರೆ ಪುಸ್ತಕದಲ್ಲಿ. ಬೆಂಗಳೂರಿನ ಸುತ್ತಮುತ್ತ ನಾನು ಅಳತೆಗೆ ಹೋದ ಹಳೆ ಮನೆಗಳಲ್ಲೆಲ್ಲ ಒಂದೋ ಟಿಪ್ಪು ತಂಗಿದ್ದ, ಇಲ್ಲವೇ ಸರ್ ಎಂ. ವಿಶ್ವೇಶ್ವರಯ್ಯನವರು ಮಜ್ಜಿಗೆ ಕುಡಿದಿದ್ದರು. ನಿಮ್ಮ ಕಡೆ ಟಿಪ್ಪುವಿನ ಹೆಸರು ಓಡಾಡುವುದಕ್ಕೆ ಕಾರಣವಂತೂ ಇದೆ. ಅವನು ಹುಟ್ಟಿದ್ದು ದೇವನಹಳ್ಳಿಯಲ್ಲಿ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆ ಹಿಡಿದ; ಅದೇ ವರ್ಷ ಅಕ್ಟೋಬರಿನಲ್ಲಿ ನಂದಿದುರ್ಗವೂ ಇಂಗ್ಲಿಷರ ಕೈಸೇರಿತು. ಎರಡು ಸೈನ್ಯಗಳ ದಂಡು ಓಡಾಡಿದ ದಾರಿಯದು. ಆದರೆ ದಂಡು ಹೋದ ದಾರಿಯಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ದಂಡು ಹೋದಾಗಲೂ ಮನೆ ಇತ್ತು ಎಂದಾಗುವುದಿಲ್ಲ.

ಇನ್ನು ಹೆಂಚು. ನೀವು ಕಳಿಸಿದ ಚಿತ್ರದಲ್ಲಿ ಬಾಸೆಲ್ ಮಿಷನ್ ಹೆಸರು ಸ್ಪಷ್ಟವಾಗಿದೆ. ಜರ್ಮನ್–ಸ್ವಿಸ್ ಕ್ರೈಸ್ತ ಪಾದ್ರಿಗಳ ಆ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಹೆಂಚಿನ ಮೇಲಿರುವುದು ಕಾರ್ಖಾನೆ ಹುಟ್ಟಿದ ವರ್ಷ. ಆ ಹೆಂಚನ್ನು ಸುಟ್ಟ ವರ್ಷವಲ್ಲ. ಐವತ್ತು ವರ್ಷ ಕಳೆದ ಮೇಲೆ ಅಚ್ಚಿನಿಂದ ಬಂದ ಹೆಂಚಿಗೂ ಅದೇ 1865. ಆಲ್ಬುಕರ್ಕ್ ಕಾರ್ಖಾನೆಯ ಹೆಂಚುಗಳ ಮೇಲಿನ 1868ರ ಕಥೆಯೂ ಇದೇ. ಈ ಒಂದು ಅಂಕಿಯನ್ನು ನಂಬಿ ಮನೆಯ ಮುಂದೆ ‘ಸ್ಥಾಪನೆ 1865’ ಎಂದು ಕಲ್ಲು ನೆಟ್ಟವರನ್ನು ನಾನು ಬಲ್ಲೆ. ಅದು ಕಾಫಿ ಅಂಗಡಿಯಾಗಿದ್ದರೆ ನಗೆಯಾಡಿ ಸುಮ್ಮನಾಗಬಹುದಿತ್ತು, ಕ್ರಯಪತ್ರಕ್ಕೂ ಅದನ್ನೇ ಸೇರಿಸಿದ್ದರು.

ಹೆಂಚಿನಿಂದ ಏನೂ ತಿಳಿಯುವುದಿಲ್ಲ ಎಂದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬಾಸೆಲ್ ಮಿಷನ್ನಿನ ಕಾರ್ಖಾನೆಗಳನ್ನು ಶತ್ರುಗಳ ಆಸ್ತಿಯೆಂದು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಹೆಂಚಿನ ಮೇಲಿನ ಹೆಸರೂ ಬದಲಾಯಿತು. ಆದ್ದರಿಂದ ಅಟ್ಟ ಹತ್ತಿ ಒಂದೊಂದೇ ಹೆಂಚನ್ನು ತಿರುಗಿಸಿ ನೋಡಿ. ಎಲ್ಲವೂ ಬಾಸೆಲ್ ಮಿಷನ್ನಿನವೇ ಆಗಿದ್ದರೆ ಚಾವಣಿ ಯುದ್ಧಕ್ಕೆ ಮೊದಲಿನದಿರಬಹುದು, ನಡುನಡುವೆ ಟ್ರಸ್ಟಿನವು ಸೇರಿದ್ದರೆ ಯುದ್ಧದ ನಂತರ ಹೊದಿಸಿದ್ದೋ ರಿಪೇರಿಯಾದದ್ದೋ ಇರಬೇಕು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ ಎನ್ನುವುದೂ ನೆನಪಿರಲಿ. ಅದಕ್ಕೆ ಮೊದಲು ಕರಾವಳಿಯ ಹೆಂಚು ಯಲಹಂಕದ ಒಂದು ರೈತರ ಮನೆಗೆ ಬರಬೇಕಾದರೆ ಮನೆಯವರು ಸಾಕಷ್ಟು ಸ್ಥಿತಿವಂತರಾಗಿರಬೇಕಿತ್ತು. ರೀಪರುಗಳನ್ನೂ, ಅಂದರೆ ಹೆಂಚು ಕೂರುವ ಅಡ್ಡಪಟ್ಟಿಗಳನ್ನೂ ಗಮನಿಸಿ. ಮಂಗಳೂರು ಹೆಂಚಿಗೆ ರೀಪರುಗಳ ನಡುವೆ ಸುಮಾರು ಒಂದು ಅಡಿ ಅಂತರ ಸಾಕು. ಹಲಗೆಗಳ ಮೇಲೆ ಅದಕ್ಕಿಂತ ಒತ್ತೊತ್ತಾಗಿ ಹಳೆಯ ಮೊಳೆಯ ಗುರುತುಗಳಿದ್ದರೆ, ಮೊದಲು ಅಲ್ಲಿ ನಾಡಹೆಂಚು ಇತ್ತು, ಮಂಗಳೂರು ಹೆಂಚು ಆಮೇಲೆ ಬಂತು ಎಂದು ಲೆಕ್ಕ. ಒಟ್ಟಿನಲ್ಲಿ ಹೆಂಚು ಚಾವಣಿಯ ವಯಸ್ಸನ್ನು ಹೇಳೀತು, ಗೋಡೆಯದನ್ನಲ್ಲ.

ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದದ್ದು ಬಾಗಿಲವಾಡದ ಕೆತ್ತನೆ. ಸಂವತ್ಸರದ ಚಕ್ರ ಅರವತ್ತು ವರ್ಷಕ್ಕೊಮ್ಮೆ ತಿರುಗುವುದರಿಂದ ಶ್ರೀಮುಖ 1873–74ರಲ್ಲಿ ಬಂದಿತ್ತು, 1933–34ರಲ್ಲಿ ಬಂದಿತ್ತು, 1993–94ರಲ್ಲೂ ಬಂದಿತ್ತು. ಕೊನೆಯದನ್ನು ಬಿಡಿ, ಆಗ ನೀವೇ ಆ ಮನೆಯಲ್ಲಿದ್ದಿರಿ. ಉಳಿದ ಎರಡರಲ್ಲಿ ಯಾವುದು?

1873 ಎಂದಾದರೆ ಚರಿತ್ರೆ ಬಹಳ ಕಠಿಣವಾದದ್ದು. ಶ್ರೀಮುಖದ ನಂತರ ಭಾವ, ಯುವ. ಅದಾದ ಮೇಲೆ ಧಾತು, ಈಶ್ವರ. ಹಳೆಯ ಮೈಸೂರಿನ ಮುದುಕರು ‘ಧಾತು ಈಶ್ವರದ ಬರ’ ಎಂದು ಹೇಳುತ್ತಿದ್ದದ್ದು 1876ರಿಂದ 78ರವರೆಗಿನ ಆ ಮಹಾಕ್ಷಾಮವನ್ನೇ. ಮೈಸೂರು ಸೀಮೆಯ ಐದರಲ್ಲಿ ಒಂದು ಪಾಲು ಜನ ಅದರಲ್ಲಿ ಹೋದರೆಂದು ಅಂದಾಜು. ಗೃಹಪ್ರವೇಶ ಮಾಡಿ ಮೂರು ವರ್ಷಕ್ಕೆ ಆ ಬರವನ್ನು ಕಂಡ ಮನೆ ಎಂದಾದರೆ, ಆ ಕಾಲದಲ್ಲಿ ಜಮೀನು ಕೈಬದಲಾಯಿತೇ, ಅಕ್ಕಪಕ್ಕದವರ ಹೊಲ ಇವರಿಗೆ ಬಂತೇ ಎಂದು ಹುಡುಕಬೇಕಾಗುತ್ತದೆ. ಬರ ಕಳೆದ ಮೇಲೆ ಕೆಲವರ ಜಮೀನು ಬೆಳೆದದ್ದು ಹೇಗೆ ಎಂಬ ಪ್ರಶ್ನೆ ಯಾವ ಮನೆತನಕ್ಕೂ ಹಿತವಲ್ಲ. ಚರಿತ್ರೆ ಬೇಕೆಂದವರು ನೀವು, ಕೇಳಿಯೇ ನೋಡಿ.

ಆದರೆ ನನ್ನ ಲೆಕ್ಕ 1933ರ ಕಡೆಗೇ ವಾಲುತ್ತದೆ. ಕಾರಣ ನಿಮ್ಮ ಕಬ್ಬಿಣದ ತೊಲೆ. ಟಾಟಾ ಕಂಪನಿಯ ಕಾರ್ಖಾನೆಯಲ್ಲಿ ಮೊದಲ ಉಕ್ಕು ಎರಕವಾದದ್ದು 1912ರಲ್ಲಿ. ಆ ತೊಲೆಯನ್ನು ಹೊತ್ತ ನಡುಮನೆ ಅದಕ್ಕಿಂತ ಹಳೆಯದಾಗಲಾರದು, ತೊಲೆಯನ್ನು ಆಮೇಲೆ ತಂದು ಕೂರಿಸದಿದ್ದರೆ. ತೊಲೆ ಗೋಡೆಗೆ ಸೇರುವ ಜಾಗವನ್ನು ನೋಡಿ: ಕೆಳಗೆ ಅಗಲವಾದ ಕಲ್ಲಿನ ದಿಂಬು ಇದ್ದು, ಸುತ್ತಲಿನ ಗಾರೆಯೂ ಗೋಡೆಯ ಗಾರೆಯೂ ಒಂದೇ ಬಣ್ಣದ್ದಾಗಿದ್ದರೆ ಅದು ಮೊದಲಿನಿಂದಲೂ ಇದ್ದದ್ದು. ಗೋಡೆ ಸುಣ್ಣದ್ದಾಗಿ, ತೊಲೆಯ ಸುತ್ತ ಮಾತ್ರ ಸಿಮೆಂಟಿನ ತೇಪೆ ಇದ್ದರೆ ನಂತರದ್ದು.

ಬಾಗಿಲವಾಡದ ವಿಷಯದಲ್ಲಿ ಒಂದು ಅನುಮಾನವನ್ನು ಸದಾ ಇಟ್ಟುಕೊಳ್ಳಬೇಕು. ನಮ್ಮವರು ಮನೆ ಕೆಡವಿದರೂ ಬಾಗಿಲವಾಡವನ್ನು ಬಿಡುತ್ತಿರಲಿಲ್ಲ. ಹಳೆ ಮನೆಯ ಬಾಗಿಲು ಹೊಸ ಮನೆಗೆ ಬರುತ್ತಿತ್ತು, ಅಣ್ಣತಮ್ಮಂದಿರು ಪಾಲಾದಾಗ ಹಿರಿಯವನ ಪಾಲಿಗೆ ಹೋಗುತ್ತಿತ್ತು. ಆದ್ದರಿಂದ 1873ರ ಬಾಗಿಲು 1933ರ ಗೋಡೆಯಲ್ಲಿ ನಿಂತಿರುವುದೂ ಸಾಧ್ಯ. ಸುಣ್ಣದಲ್ಲಿ ಮುಚ್ಚಿಹೋದ ಅಕ್ಷರಗಳನ್ನು ನೀರು, ತೆಂಗಿನ ನಾರು ಬಳಸಿ ಮೆಲ್ಲಗೆ ಬಿಡಿಸಿ. ತಂತಿಯ ಬ್ರಷ್ ಹಾಕಿದರೆ ಸುಣ್ಣದ ಜೊತೆ ಅಕ್ಷರವೂ ಹೋಗುತ್ತದೆ. ಅಲ್ಲಿ ವಾರದ ಹೆಸರು ಸಿಕ್ಕರೆ ನಿಮ್ಮ ಅರ್ಧ ಜಗಳ ತೀರಿತು. ಎರಡು ಶ್ರೀಮುಖಗಳ ವೈಶಾಖ ಶುದ್ಧ ದಶಮಿ ಯಾವ ಯಾವ ವಾರ ಬಂದಿತ್ತು ಎನ್ನುವುದನ್ನು ಪಂಚಾಂಗ ಬಲ್ಲವರು ಕುಳಿತಲ್ಲೇ ಹೇಳಬಲ್ಲರು.

ಈಗ ಕಾಗದಕ್ಕೆ ಬರೋಣ. ಎಲ್ಲರೂ ಮನೆಯ ದಾಖಲೆಯನ್ನು ಹುಡುಕುತ್ತಾರೆ, ಸಿಗದೆ ನಿರಾಶರಾಗುತ್ತಾರೆ. ಹಳೆಯ ಸರ್ಕಾರಕ್ಕೆ ನಿಮ್ಮ ತಾತನ ಮನೆಯ ಬಗ್ಗೆ ಯಾವ ಆಸಕ್ತಿಯೂ ಇರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಕಂದಾಯ. ಕಂದಾಯ ಬರುವುದು ಹೊಲದಿಂದ, ತೋಟದಿಂದ. ಹಾಗಾಗಿ ಹೊಲವನ್ನು ಅಂಗುಲ ಬಿಡದೆ ಅಳೆದು ಬರೆದಿಟ್ಟಿದ್ದಾರೆ. ಅದರ ನಡುವೆ ನಿಂತ ಮನೆ ದಾಖಲೆಯಲ್ಲಿ ಕಾಣಿಸುವುದು ಕಂದಾಯ ಬರದ ಒಂದು ತುಂಡಾಗಿ ಮಾತ್ರ. ನಾವು ಹುಡುಕಬೇಕಾದದ್ದು ಆ ತುಂಡನ್ನೇ.

ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿ ಪದ್ಧತಿಯ ಸರ್ವೆ ಆರಂಭವಾದದ್ದು 1863ರಲ್ಲಿ. ಮೂವತ್ತಮೂರು ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆಯ ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಒಂದು ಗುಂಟೆ. ನಾನು ನೌಕರಿಗೆ ಸೇರಿದಾಗಲೂ ಅದೇ ಸರಪಳಿಯನ್ನೇ ಎಳೆಸಿದರು. ತಾಲ್ಲೂಕಿನ ಭೂದಾಖಲೆಗಳ ಕಚೇರಿಗೆ ಅರ್ಜಿ ಕೊಟ್ಟು ಮೂರು ನಕಲು ತೆಗೆಸಿ: ಗ್ರಾಮ ನಕ್ಷೆ, ನಿಮ್ಮ ಸರ್ವೆ ನಂಬರಿನ ಮೂಲ ಟಿಪ್ಪಣಿ, ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿಯಾದ ಆಕಾರ್‌ಬಂದ್. ಟಿಪ್ಪಣಿ ಎಂದರೆ ಅಂದಿನ ಭೂಮಾಪಕ ಹೊಲದಲ್ಲೇ ನಿಂತು ಬರೆದುಕೊಂಡ ರೇಖಾಚಿತ್ರ. ಅದರಲ್ಲಿ ಬಾವಿ, ಹಳ್ಳ, ಬಂಡಿಜಾಡು, ಕೆಲವೊಮ್ಮೆ ದೊಡ್ಡ ಮರವೂ ಇರುತ್ತದೆ. ಆ ಕೈಬರಹದ ಮೇಲೆ ನನಗೆ ಅಪಾರ ಗೌರವ. ಬಿಸಿಲಲ್ಲಿ ನಿಂತು ಬರೆದದ್ದೆಂದು ಗೊತ್ತಾಗುವುದೇ ಇಲ್ಲ, ಅಷ್ಟು ಅಚ್ಚುಕಟ್ಟು.

ನಕಲು ಕೈಗೆ ಬಂದ ಮೇಲೆ ನೋಡಬೇಕಾದದ್ದು ಎರಡು ಸಂಗತಿ. ಖರಾಬು, ಅಂದರೆ ಕಂದಾಯ ಬರದ ಆ ತುಂಡು, ಎಷ್ಟು ಗುಂಟೆ, ಅದು ಎಲ್ಲಿದೆ? ಜಮೀನಿನ ತರಗತಿ ಖುಷ್ಕಿಯೋ (ಮಳೆಯಾಶ್ರಿತ), ತರಿಯೋ (ನೀರಾವರಿ ಗದ್ದೆ), ಬಾಗಾಯ್ತೋ (ತೋಟ)? ಮೊದಲ ಸರ್ವೆಯಲ್ಲೇ ಮನೆ ಇರುವ ಜಾಗ ಖರಾಬಾಗಿದ್ದರೆ ಅಲ್ಲಿ ಆಗಲೇ ಕಟ್ಟಡವೋ ಕಣವೋ ಇದ್ದಿರಬಹುದು. ಜಮೀನನ್ನು ಬಾಗಾಯ್ತು ಎಂದು ಬರೆದಿದ್ದರೆ ಬಾವಿಯೂ ಇದ್ದಿರಬೇಕು. ಮೊದಲ ಸರ್ವೆಯಲ್ಲಿ ಖುಷ್ಕಿ, ಮೂವತ್ತು ವರ್ಷ ಕಳೆದು ಕಂದಾಯ ಮರುನಿಗದಿಯಾದಾಗ ಬಾಗಾಯ್ತು ಎಂದಿದ್ದರೆ, ನಿಮ್ಮ ಕಪಿಲೆ ಬಾವಿ ಈ ನಡುವೆ ತೋಡಿದ್ದು ಎನ್ನಬಹುದು. ನನ್ನನ್ನು ಕೇಳಿದರೆ ಆ ಮನೆಯಲ್ಲಿ ನಿಜವಾದ ಚರಿತ್ರೆ ಇರುವುದು ಬಾವಿಯಲ್ಲಿ. ಕಲ್ಲು ಕಟ್ಟಿಸಿದ ಬಾವಿ, ಎತ್ತುಗಳು ಹಿಂದೆ ಮುಂದೆ ನಡೆದು ಚರ್ಮದ ಚೀಲದಲ್ಲಿ ನೀರೆತ್ತಲು ಕಟ್ಟಿದ ಇಳಿಜಾರು, ನೀರು ಸುರಿಯುವ ಕಲ್ಲುತೊಟ್ಟಿ: ಇಷ್ಟಕ್ಕೆ ತಗುಲಿದ ಖರ್ಚಿನ ಮುಂದೆ ಮಣ್ಣುಗೋಡೆಯ ಮನೆಯ ಖರ್ಚು ಏನೂ ಅಲ್ಲ. ಮೊದಲು ಬಾವಿ ತೋಡಿದರು, ತೋಟ ಮಾಡಿದರು, ತೋಟ ಕಾಯಲು ಮನೆ ಕಟ್ಟಿದರು. ಕೊಳ್ಳುವವರು ಮಾತ್ರ ಮೊದಲು ಬಾವಿಯನ್ನೇ ಮುಚ್ಚಿಸುತ್ತಾರೆ.

ಆಮೇಲೆ ಹಳೆಯ ಕ್ರಯಪತ್ರ, ಪಾಲುಪಟ್ಟಿ, ಭೋಗ್ಯಪತ್ರ. ಇವುಗಳಲ್ಲಿ ಚಕ್ಕುಬಂದಿಯನ್ನು ಮನಸ್ಸಿಟ್ಟು ಓದಿ. ‘ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಸರ್ಕಾರಿ ಹಳ್ಳ, ಉತ್ತರಕ್ಕೆ ನಮ್ಮ ವಾಸದ ಮನೆ’ ಎಂದು ಯಾವ ಪತ್ರದಲ್ಲಿ ಮೊದಲು ಬರುತ್ತದೋ ಅದೇ ನಿಮ್ಮ ಮನೆಯ ಮೊದಲ ಲಿಖಿತ ಗುರುತು. ನಿಮ್ಮ ಪತ್ರವಿಲ್ಲದಿದ್ದರೆ ಪಕ್ಕದವರ ಪತ್ರವನ್ನು ಕೇಳಿ ಓದಿ, ಅವರ ಚಕ್ಕುಬಂದಿಯಲ್ಲಿ ನಿಮ್ಮ ಮನೆ ಇರುತ್ತದೆ. ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ನಿಮ್ಮ ಊರನ್ನು ಹಳೆಯ ಕಾಗದದಲ್ಲಿ ಜೋಡಿ ಗ್ರಾಮ ಎಂದು ಬರೆದಿದೆಯೇ ಎನ್ನುವುದನ್ನೂ ನೋಡಿ. ಹಾಗಿದ್ದರೆ ಅದು ಇನಾಮು ಊರು. ಭೂಮಿಯ ಮೇಲೆ ಜೋಡಿದಾರರ ಹಕ್ಕಿತ್ತು. 1954ರ ಇನಾಂ ರದ್ದತಿ ಕಾಯ್ದೆಯಡಿ ಅರ್ಜಿ ಹಾಕಿ, ಸಾಗುವಳಿದಾರರೆಂದು ಸಾಬೀತು ಮಾಡಿ ಹಕ್ಕು ಪಡೆದ ಕಡತ ಇದ್ದೇ ಇರುತ್ತದೆ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ಹಾಕಿದ ಏಳನೇ ನಮೂನೆಯ ಅರ್ಜಿಗಳ ಕಡತವೂ ಅಷ್ಟೇ. ಸಾಕ್ಷಿಗಳ ಹೇಳಿಕೆಯಲ್ಲಿ ‘ಬಾವಿಯ ಪಕ್ಕದ ಮನೆಯಲ್ಲಿ ಇವರ ತಂದೆಯ ಕಾಲದಿಂದ ವಾಸವಿದ್ದಾರೆ’ ಎಂಬಂಥ ಸಾಲುಗಳು ಸಿಗುತ್ತವೆ. ಅಂಥ ಸಾಲಿನಿಂದ ಮನೆ ಕಟ್ಟಿದವರು ಒಬ್ಬರು, ಒಡೆಯರು ಇನ್ನೊಬ್ಬರು ಎಂದು ಬಯಲಾಗಬಹುದು. ಅದಕ್ಕೂ ಸಿದ್ಧವಾಗಿರಿ. ದೊಡ್ಡಪ್ಪನವರಿಗೆ ಹೇಗೆ ಹೇಳುವುದು ಎನ್ನುವುದು ನಿಮ್ಮ ಜವಾಬ್ದಾರಿ.

ಪ್ರಶ್ನೆ: ನಮ್ಮ ತೋಟದ ಮನೆ ಇರುವ 6 ಗುಂಟೆಯನ್ನು ಪಹಣಿಯಲ್ಲಿ ‘ಅ’ ಖರಾಬು ಎಂದು ತೋರಿಸಿದ್ದಾರೆ. ಖರಾಬು ಎಂದರೆ ಸರ್ಕಾರದ್ದು, ಅದಕ್ಕೆ ಬೆಲೆ ಕಟ್ಟುವುದಿಲ್ಲ ಎಂದು ಕೊಳ್ಳಲು ಬಂದವರ ಕಡೆಯವರು ಹೇಳುತ್ತಾರೆ. ನಿಜವೇ? (ಕೆಂಗೇರಿ)

ಉತ್ತರ: ನಿಜವಲ್ಲ. 1966ರ ಭೂಕಂದಾಯ ನಿಯಮಗಳು ಖರಾಬನ್ನು ಎರಡಾಗಿ ವಿಂಗಡಿಸುತ್ತವೆ. ಸರ್ವೆಯ ಕಾಲದಲ್ಲಿ ಸಾಗುವಳಿಗೆ ಬಾರದೆಂದು ಬಿಟ್ಟದ್ದು ‘ಅ’. ಹಿಡುವಳಿದಾರನ ಕೃಷಿ ಕಟ್ಟಡ, ಕಣ ಇರುವ ಜಾಗವೂ ಇದರಲ್ಲೇ ಸೇರುತ್ತದೆ. ದಾರಿ, ಹಳ್ಳ, ಕೆರೆ, ಸ್ಮಶಾನ ಹೀಗೆ ಸಾರ್ವಜನಿಕ ಉಪಯೋಗಕ್ಕೆಂದು ಕಂದಾಯ ಹಾಕದೆ ಬಿಟ್ಟದ್ದು ‘ಬ’. ಈ ಎರಡನೆಯದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ನಿಮ್ಮದು ಮೊದಲನೆಯದು. ಆರು ಗುಂಟೆ ಎಂದರೆ 6,534 ಚದರಡಿ; ಅದನ್ನು ಬಿಟ್ಟಿಯಾಗಿ ಪಡೆಯಲು ಹೊರಟವರ ಧೈರ್ಯಕ್ಕೆ ಮೆಚ್ಚಬೇಕು. ದಾಖಲೆಗಳನ್ನೆಲ್ಲ ಒಬ್ಬ ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ. ಅಂದ ಹಾಗೆ, ಮೇಲಿನ ಉತ್ತರ ಓದಿದ್ದರೆ ನಿಮಗೂ ತಿಳಿದಿರುತ್ತದೆ: ಆ ಆರು ಗುಂಟೆ ಯಾವ ವರ್ಷದ ಸರ್ವೆಯಿಂದ ಖರಾಬಾಯಿತು ಎನ್ನುವುದು ನಿಮ್ಮ ಮನೆಯ ವಯಸ್ಸಿಗೂ ಸಾಕ್ಷಿ.

ಪ್ರಶ್ನೆ: ವೈಟ್‌ಫೀಲ್ಡ್‌ನ ಒಳವೃತ್ತದಲ್ಲಿ ಉಳಿದಿರುವ ಹಳೆಯ ಮನೆಗಳು ಬ್ರಿಟಿಷ್ ಅಧಿಕಾರಿಗಳ ಬೇಸಗೆ ಬಂಗಲೆಗಳೇ? ಅಲ್ಲಿನ ವೇವರ್ಲಿ ಹೋಟೆಲಿನ ಮಾಲೀಕನ ಮಗಳನ್ನು ನೋಡಲು ಚರ್ಚಿಲ್ ಬರುತ್ತಿದ್ದನಂತೆ? (ವರ್ತೂರು)

ಉತ್ತರ: ಅಧಿಕಾರಿಗಳವಲ್ಲ, ಒಕ್ಕಲುತನ ಮಾಡಲು ಬಂದವರವು. 1882ರಲ್ಲಿ ಚಾಮರಾಜ ಒಡೆಯರು ಮೈಸೂರು–ಕೊಡಗಿನ ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಆ ಸಂಘಟನೆಯ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಸರ್ಕಾರಿ ನೌಕರಿಯನ್ನೇ ನಂಬಿ ಕೂರದೆ ತಮ್ಮ ಜನ ಭೂಮಿಯಲ್ಲಿ ದುಡಿದು ಸ್ವಂತ ಕಾಲ ಮೇಲೆ ನಿಲ್ಲಲಿ ಎಂಬುದು ಅವರ ಆಸೆ. ನಡುವೆ ವೃತ್ತಾಕಾರದ ಬಯಲು, ಸುತ್ತ ಮನೆಗಳು, ಅದರಾಚೆ ಹೊಲ. ಕಾಗದದ ಮೇಲೆ ನೋಡಲು ಬಹಳ ಚೆಂದ. ಬೇಸಾಯದಿಂದಲೇ ಬದುಕುವ ಆ ಕನಸು ಪೂರ್ತಿ ಕೈಗೂಡಲಿಲ್ಲ; ಮುಂದೆ ಅದು ಹೆಚ್ಚಾಗಿ ನಿವೃತ್ತರ ಊರಾಯಿತು. ನೀವು ಕೇಳಿದ ಮನೆಗಳಲ್ಲಿ ಉಳಿದವು ಈಗ ಬೆರಳೆಣಿಕೆಯಷ್ಟು.

ಚರ್ಚಿಲ್ 1896ರಿಂದ 99ರವರೆಗೆ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದದ್ದು ಖಂಡಿತ. ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಕೊಂಡ ಪುಸ್ತಕ ಇಂದಿಗೂ ಅಲ್ಲಿದೆ. ಪ್ರೇಮದ ಕಥೆಗೆ ಅಂಥ ಪುಸ್ತಕವಿಲ್ಲ. ಮೂರು ವರ್ಷದಲ್ಲಿ ಅವನು ಭೇಟಿ ಕೊಟ್ಟನೆಂದು ಹೇಳುವ ಮನೆಗಳನ್ನೆಲ್ಲ ಕೂಡಿಸಿದರೆ ಪೋಲೋ ಆಡಲು ಅವನಿಗೆ ಪುರುಸೊತ್ತು ಸಿಕ್ಕಿದ್ದಾದರೂ ಯಾವಾಗ?

ಪ್ರಶ್ನೆ: ನಾವು ಸಿಡ್ನಿಯ ಪ್ಯಾರಮಟ್ಟಾ ಹತ್ತಿರದ ಹ್ಯಾರಿಸ್ ಪಾರ್ಕ್‌ನಲ್ಲಿ ಇದ್ದೇವೆ. ಇಲ್ಲಿ ದೋಸೆ ಹೋಟೆಲುಗಳಿಂದ ನಡೆದು ಹೋಗುವಷ್ಟು ದೂರದಲ್ಲೇ ಎಲಿಜಬೆತ್ ಫಾರ್ಮ್ ಎಂಬ ಹಳೆಯ ತೋಟದ ಮನೆ ಇದೆ. ಬೆಂಗಳೂರಿನಲ್ಲಿ ನಮ್ಮ ತಾತನ ಮನೆ ಉಳಿಯಲಿಲ್ಲ, ಇದು ಹೇಗೆ ಉಳಿಯಿತು? ನಿಮ್ಮ ಅಂಕಣಕ್ಕೆ ಹೊರಗಿನ ಪ್ರಶ್ನೆಯಾದರೆ ಕ್ಷಮಿಸಿ.

ಉತ್ತರ: ಹೊರಗಿನದೇನಲ್ಲ. ಮಗಳ ಮನೆಗೆ ಹೋದಾಗ ನಾನೂ ಅಲ್ಲಿ ಒಂದು ಮಧ್ಯಾಹ್ನ ಕಳೆದಿದ್ದೇನೆ. 1793ರಲ್ಲಿ ಜಾನ್ ಮೆಕಾರ್ಥರ್ ಎಂಬ ಸೇನಾಧಿಕಾರಿಗೆ ನೂರು ಎಕರೆ ಮಂಜೂರಾಯಿತು, ಅದೇ ವರ್ಷ ಅವನು ಅಲ್ಲಿ ಒಂದು ಸಣ್ಣ ಇಟ್ಟಿಗೆ ಮನೆ ಕಟ್ಟಿಸಿ ಹೆಂಡತಿಯ ಹೆಸರಿಟ್ಟ. ಆಸ್ಟ್ರೇಲಿಯದಲ್ಲಿ ಯೂರೋಪಿನವರು ಕಟ್ಟಿ ಈಗಲೂ ನಿಂತಿರುವ ಮನೆಗಳಲ್ಲಿ ಅದರ ಭಾಗಗಳೇ ಅತ್ಯಂತ ಹಳೆಯವು. ಮಂಜೂರು ಮಾಡಿದ ಸರ್ಕಾರ ಆ ನೆಲ ಯಾರದೆಂದು ವಿಚಾರಿಸಲಿಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ಬರ್ರಮಟ್ಟಗಲ್ ಜನರದು. ಚಕ್ಕುಬಂದಿ ಬರೆಯುವವರು ಯಾರೋ, ಅವರಿಗೆ ಬೇಕಾದವರ ಹೆಸರಷ್ಟೇ ಅದರಲ್ಲಿ ಬರುವುದು ಎಲ್ಲ ಕಡೆಯೂ ಇದ್ದದ್ದೇ.

ಮೆಕಾರ್ಥರ್‌ಗೆ ಉಣ್ಣೆಕುರಿಯ ಜನಕನೆಂಬ ಕೀರ್ತಿ ಇದೆ. ಆದರೆ ಗವರ್ನರನನ್ನೇ ಕೆಳಗಿಳಿಸಿದ 1808ರ ದಂಗೆಯಲ್ಲಿ ಕೈಯಿಟ್ಟ ಕಾರಣ 1809ರಿಂದ 1817ರವರೆಗೆ ಅವನು ಇಂಗ್ಲೆಂಡಿನಲ್ಲೇ ಉಳಿಯಬೇಕಾಯಿತು. ಆ ವರ್ಷಗಳಲ್ಲಿ ತೋಟ, ಕುರಿ, ಕೂಲಿ, ಲೆಕ್ಕ ಎಲ್ಲವನ್ನೂ ನೋಡಿಕೊಂಡವಳು ಎಲಿಜಬೆತ್. ಮನೆಗೆ ಅವಳ ಹೆಸರಿಟ್ಟದ್ದು ಗಂಡನ ಔದಾರ್ಯವಲ್ಲ, ಸರಿಯಾದ ಖಾತೆ ಎನ್ನಬೇಕು.

ಉಳಿದದ್ದು ಹೇಗೆಂದು ಕೇಳಿದಿರಿ. ಸರ್ಕಾರ ಉಳಿಸಿತು ಎಂದು ನೀವು ಊಹಿಸಿದ್ದರೆ, ಅದು ಆಮೇಲಿನ ಮಾತು. ಕುಟುಂಬದ ಕೈತಪ್ಪಿ, ಸುತ್ತಲಿನ ಎಕರೆಗಳು ನಿವೇಶನಗಳಾಗಿ ಹೋಗಿ, ಮನೆ ಶಿಥಿಲವಾಗಿದ್ದಾಗ 1904ರಲ್ಲಿ ಸ್ವಾನ್ ಎಂಬ ಕುಟುಂಬ ಅದನ್ನು ಕೊಂಡಿತು. ಅವರು ಅದನ್ನು ರಿಪೇರಿ ಮಾಡಿಕೊಂಡು 1960ರ ದಶಕದವರೆಗೂ ಅಲ್ಲೇ ವಾಸವಿದ್ದರು. ಒಂದು ಮನೆತನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸೋರುವ ಚಾವಣಿಯನ್ನು ಸಹಿಸಿಕೊಂಡಿತು, ಅಷ್ಟೇ. ವಸ್ತುಸಂಗ್ರಹಾಲಯವಾಗಿ ತೆರೆದದ್ದು 1984ರಲ್ಲಿ. ಅಲ್ಲಿ ನನಗೆ ಹಿಡಿಸಿದ್ದು ಹಗ್ಗ ಕಟ್ಟಿ ಜನರನ್ನು ದೂರ ಇಡದಿರುವುದು. ಕುರ್ಚಿಯ ಮೇಲೆ ಕೂರಬಹುದು, ಕಪಾಟು ತೆರೆಯಬಹುದು.

ಹತ್ತಿರದಲ್ಲೇ ಇನ್ನೊಂದು ಮನೆಯಿದೆ, ನೋಡಿ ಬನ್ನಿ. ಜೇಮ್ಸ್ ರೂಸ್ ಎಂಬ ಬಿಡುಗಡೆಯಾದ ಕೈದಿಗೆ, ರೈತನೊಬ್ಬ ಸ್ವಂತ ದುಡಿಮೆಯಿಂದ ಬದುಕಬಲ್ಲನೇ ಎಂದು ಪರೀಕ್ಷಿಸಲು ಕೊಟ್ಟ 30 ಎಕರೆಯ ಜಾಗವದು. ಅವನು 1793ರಲ್ಲಿ ಅದನ್ನು 40 ಪೌಂಡಿಗೆ ಜಾನ್ ಹ್ಯಾರಿಸ್ ಎಂಬ ವೈದ್ಯನಿಗೆ ಮಾರಿದ. ನಿಮ್ಮ ಬಡಾವಣೆಯ ಹೆಸರು ಆ ಕೊಂಡವನದು, ಉತ್ತವನದಲ್ಲ. ಈಗ ನಿಂತಿರುವ ಮನೆಯೂ ರೂಸ್‌ನದಲ್ಲ, ಹ್ಯಾರಿಸ್ ಕಟ್ಟಿಸಿದ್ದು.

ಪ್ರಶ್ನೆ: ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಸರ್ಕಾರದ ಕೈಗೆ ಬಂದದ್ದು ಹೇಗೆ? (ಬನಶಂಕರಿ)

ಉತ್ತರ: ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಕಡತ ಬಹಳ ದೊಡ್ಡದು. ರಷ್ಯಾದ ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್, ನಟಿ ದೇವಿಕಾ ರಾಣಿ 1945ರಲ್ಲಿ ಮದುವೆಯಾದರು. ನಂತರದ ವರ್ಷಗಳಲ್ಲಿ ಇಲ್ಲಿ ನೆಲೆಸಿ ನಾನೂರೈವತ್ತು ಎಕರೆಗೂ ಮಿಕ್ಕ ಜಾಗದಲ್ಲಿ ಸುಗಂಧ ತೈಲಕ್ಕಾಗಿ ಲಿನಾಲೋ ಮರಗಳನ್ನು ಬೆಳೆಸಿದರು. ಅವರಿಗೆ ಮಕ್ಕಳಿರಲಿಲ್ಲ. ರೋರಿಕ್ 1993ರ ಜನವರಿಯಲ್ಲಿ, ದೇವಿಕಾ ರಾಣಿ 1994ರ ಮಾರ್ಚ್‌ನಲ್ಲಿ ತೀರಿಕೊಂಡರು. ಅಷ್ಟರಲ್ಲಾಗಲೇ ಜಮೀನಿನ ಮೇಲೆ ಬೇರೆಯವರ ಹಕ್ಕಿನ ವಾದಗಳು ಹುಟ್ಟಿದ್ದವು. 1996ರಲ್ಲಿ ರಾಜ್ಯ ಸರ್ಕಾರ ಈ ಒಂದು ಎಸ್ಟೇಟಿಗಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿ ಸ್ವಾಧೀನಪಡಿಸಿಕೊಂಡಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2011ರ ಆಗಸ್ಟಿನಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಆಸ್ತಿಯ ಹಕ್ಕಿನ ವಿಷಯದಲ್ಲಿ ವಕೀಲರು ಇಂದಿಗೂ ಆ ತೀರ್ಪನ್ನು ಉಲ್ಲೇಖಿಸುತ್ತಾರೆ. ಮನೆಗಳಲ್ಲಿ ಬಾಳಿದವರ ಕಥೆ ಮೊಕದ್ದಮೆಯ ಪುಟಗಳಲ್ಲಿ ಉಳಿಯುತ್ತದೆ ಎಂದು ಮೊದಲ ಪತ್ರದವರಿಗೆ ಹೇಳಿದೆನಲ್ಲ, ಇದು ಅದರ ದೊಡ್ಡ ಉದಾಹರಣೆ.

ಪ್ರಶ್ನೆ: ನಮ್ಮ ಅಜ್ಜಿಗೆ ತೊಂಬತ್ತರ ಹತ್ತಿರ. ಹೊಸಕೋಟೆ ಕಡೆಯ ನಮ್ಮ ತೋಟದ ಮನೆಗೆ ಸೊಸೆಯಾಗಿ ಬಂದವರು. ಮೊಬೈಲಿನಲ್ಲಿ ಅವರ ಮಾತನ್ನು ಮುದ್ರಿಸಿಕೊಳ್ಳಬೇಕೆಂದಿದ್ದೇನೆ. ಮನೆ ಯಾವಾಗ ಕಟ್ಟಿದ್ದು ಎಂದರೆ ‘ಅದೆಲ್ಲ ಯಾರಿಗೆ ಗೊತ್ತು’ ಎಂದು ಸುಮ್ಮನಾಗುತ್ತಾರೆ. ಏನು ಕೇಳಲಿ?

ಉತ್ತರ: ಇಸವಿ ಕೇಳಬೇಡಿ, ಅದು ಅಜ್ಜಿಯ ಕೈಯಲ್ಲಿರಲಿಲ್ಲ, ಗಂಡಸರ ಕಾಗದದಲ್ಲಿ ಇತ್ತು. ಜಾಗಗಳನ್ನು ಕೇಳಿ. ಅಡುಗೆ ಒಲೆ ಮೊದಲು ಯಾವ ಮೂಲೆಯಲ್ಲಿತ್ತು? ರಾಗಿ ಬೀಸುವ ಕಲ್ಲು ಎಲ್ಲಿತ್ತು, ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ? ಕುಡಿಯುವ ನೀರು ಯಾವ ಬಾವಿಯದು, ದನಕ್ಕೆ ಯಾವುದು? ಬಾಣಂತನದ ಕೋಣೆ ಯಾವುದು? ಕರೆಂಟು ಬಂದಾಗ ಯಾರ ಹೊಟ್ಟೆಯಲ್ಲಿ ಯಾವ ಮಗು ಇತ್ತು? ಈ ಕೊನೆಯ ಪ್ರಶ್ನೆಗೆ ಉತ್ತರ ಬಂದರೆ ಇಸವಿ ತಾನಾಗಿ ಸಿಗುತ್ತದೆ, ಮಗುವಿನ ಶಾಲೆಯ ದಾಖಲೆ ಇದ್ದೇ ಇರುತ್ತದೆ. ಕೂಲಿಗೆ ಬರುತ್ತಿದ್ದವರು ಜಗಲಿಯವರೆಗೆ ಬರುತ್ತಿದ್ದರೇ, ಅಂಗಳದಲ್ಲೇ ನಿಲ್ಲುತ್ತಿದ್ದರೇ, ಅವರಿಗೆ ನೀರು ಹೇಗೆ ಕೊಡುತ್ತಿದ್ದರು ಎಂದೂ ಕೇಳಿ. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದಾರು. ಮನೆಯ ಸುಂದರವಾದ ಕಂಬಗಳ ಚಿತ್ರ ಹಾಕಿ ಈ ಮಾತನ್ನು ಬಿಟ್ಟ ಮನೆಚರಿತ್ರೆಗಳು ನನ್ನ ಬಳಿ ಬೇಕಾದಷ್ಟಿವೆ.

ಹಗೇವು ಎಲ್ಲಿತ್ತೆಂದು ತಪ್ಪದೆ ಕೇಳಿ. ನೆಲದೊಳಗೆ ತೋಡಿದ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಎಷ್ಟು ಹಗೇವು ಇದ್ದವು ಎನ್ನುವುದರಿಂದ ಮನೆಯ ಸ್ಥಿತಿಗತಿ ಗೊತ್ತಾಗುತ್ತದೆ. ಅಜ್ಜಿ ಜಾಗ ತೋರಿಸಿದ ಕೂಡಲೇ ಹಾರೆ ತಂದು ಬಾಯಿ ತೆರೆದು ಒಳಗೆ ಇಳಿಯಲು ಹೋಗಬೇಡಿ. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಇಳಿದವರು ಮೇಲೆ ಬರದ ಪ್ರಸಂಗಗಳಿವೆ. ಬಾಯಿಯ ಅಳತೆ ತೆಗೆದುಕೊಂಡು, ಮೇಲಿನಿಂದಲೇ ಚಿತ್ರ ತೆಗೆದು, ಮನೆಯ ನಕ್ಷೆಯಲ್ಲಿ ಅದರ ಜಾಗ ಗುರುತು ಮಾಡಿ, ಮತ್ತೆ ಚಪ್ಪಡಿ ಮುಚ್ಚಿ.